ಗ್ರ್ಯಾಂಡ್ ಗೀಸರ್ ಮುಂದೆ ಕಾದು ಕೂತಿದ್ದು: ಯೆಲ್ಲೋಸ್ಟೋನ್, ನನ್ನ ಅನುಭವ

ಅಮೆರಿಕದ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್‌ಗೆ ಹೋಗೋ ನಮ್ಮವ್ರು ಬಹಳ ಜನ ಓಲ್ಡ್ ಫೇತ್‌ಫುಲ್ ಅನ್ನೋ ಗೀಸರ್ (ನೆಲದಿಂದ ಆಗಾಗ ಎತ್ತರಕ್ಕೆ ಚಿಮ್ಮೋ ಬಿಸಿನೀರಿನ ಬುಗ್ಗೆ) ಒಂದು ನೋಡಿ, ಫೋಟೋ ತಗೊಂಡು, ಕಾರ್ ಹತ್ತಿ ಮುಂದಿನ ಪಾಯಿಂಟ್‌ಗೆ ಹೊರಟುಬಿಡ್ತಾರೆ. ಊರಿಂದ ಅಮ್ಮ ಬಂದಿದ್ರು, ಅವ್ರಿಗೆ ಜಾಸ್ತಿ ಓಡಾಟ ಆಗಲ್ಲ, ಹಾಗಾಗಿ ಒಂದಿಡೀ ದಿನ ಓಲ್ಡ್ ಫೇತ್‌ಫುಲ್ ಇರೋ ಅಪ್ಪರ್ ಗೀಸರ್ ಬೇಸಿನ್‌ನಲ್ಲೇ ಇರೋದು ಅಂತ ಮೊದಲೇ ಡಿಸೈಡ್ ಮಾಡಿದ್ವಿ. ಪ್ರಪಂಚದ ಗೀಸರ್‌ಗಳಲ್ಲಿ ಹತ್ತತ್ರ ಅರ್ಧ ಈ ಒಂದೇ ಪಾರ್ಕ್‌ನಲ್ಲಿವೆ, ಅದ್ರಲ್ಲೂ ದೊಡ್ಡ ದೊಡ್ಡವು ಎಷ್ಟೋ ಇಲ್ಲೇ, ಮರದ ಹಲಗೆ ಹಾಸಿರೋ ದಾರೀಲಿ ನಿಧಾನಕ್ಕೆ ನಡ್ಕೊಂಡು ಹೋಗೋಷ್ಟು ದೂರದಲ್ಲೇ.

ಬೆಳಿಗ್ಗೆ ಬೇಗ ಹೋಗಿ ಪಾರ್ಕಿಂಗ್ ಹಿಡ್ಕೊಂಡ್ವಿ. ವಿಸಿಟರ್ ಸೆಂಟರ್‌ನಲ್ಲಿ ಯಾವ ಗೀಸರ್ ಯಾವಾಗ ಏಳ್ಬಹುದು ಅಂತ ಹಾಕಿರ್ತಾರೆ, ಅದನ್ನ ಫೋನ್‌ನಲ್ಲಿ ಫೋಟೋ ಹೊಡ್ಕೊಳ್ಳಿ, ಒಳಗೆ ಸಿಗ್ನಲ್ ನಂಬೋ ಹಾಗಿಲ್ಲ. ಓಲ್ಡ್ ಫೇತ್‌ಫುಲ್ ಲೆಕ್ಕ ಸುಲಭ, ಹಿಂದಿನ ಸಲ ಸ್ವಲ್ಪ ಹೊತ್ತೇ ಚಿಮ್ಮಿದ್ರೆ ಸುಮಾರು ಒಂದು ಗಂಟೇಲಿ ಮತ್ತೆ ಬರತ್ತೆ, ಜಾಸ್ತಿ ಹೊತ್ತು ಚಿಮ್ಮಿದ್ರೆ ಒಂದೂವರೆ ಗಂಟೆ ಕಾಯ್ಬೇಕು. ಅದನ್ನ ನೋಡ್ಕೊಂಡು ಸೀದಾ ಗ್ರ್ಯಾಂಡ್ ಕಡೆ ಹೊರಟ್ವಿ.

ಗ್ರ್ಯಾಂಡ್ ದಿನಕ್ಕೆ ಕೆಲವೇ ಸಲ ಏಳೋದು, 200 ಅಡಿವರೆಗೂ ಹೋಗತ್ತೆ, ಮೊದಲೇ ಹೇಳ್ಬಹುದಾದ ಗೀಸರ್‌ಗಳಲ್ಲಿ ಇದೇ ಎಲ್ಲಕ್ಕಿಂತ ಎತ್ತರದ್ದು. ಎದುರಿಗೆ ಬೆಂಚ್ ಹಾಕಿದಾರೆ. ಅಲ್ಲಿ ವಾಕಿಟಾಕಿ ಹಿಡ್ಕೊಂಡು, ನೋಟ್‌ಬುಕ್‌ನಲ್ಲಿ ಟೈಮ್ ಬರ್ಕೊಳ್ತಾ ಕೂತಿದ್ದ ಒಬ್ರು ವಯಸ್ಸಾದ ಹೆಂಗಸು ನಮಗೆ ಲಕ್ಷಣ ಹೇಳ್ಕೊಟ್ರು. ಪಕ್ಕದಲ್ಲೇ ಟರ್ಬನ್ ಅಂತ ಚಿಕ್ಕ ಗೀಸರ್ ಇದೆ, ಅದು ಹೆಚ್ಚುಕಮ್ಮಿ 20 ನಿಮಿಷಕ್ಕೊಂದು ಸಲ ಕುದ್ದು ಏಳತ್ತೆ. ಗ್ರ್ಯಾಂಡ್ ಏಳೋದಿದ್ರೆ ಅದರ ಜೊತೆಗೇ ಏಳ್ಬೇಕು. ಟರ್ಬನ್ ಒಂದೇ ಶುರುವಾಯ್ತು ಅಂದ್ರೆ ಗ್ರ್ಯಾಂಡ್ ಕೊಳದ ನೀರು ಇಳಿದುಬಿಡತ್ತೆ, ಮತ್ತೆ 20 ನಿಮಿಷ ಕೂರ್ಬೇಕು. ಹಾಗೆ ಎಷ್ಟೋ ಸಲ ಆಯ್ತು. ನಾವು ಚಿತ್ರಾನ್ನದ ಡಬ್ಬಿ ಖಾಲಿ ಮಾಡಿದ್ವಿ.

ಕಾಯೋವಾಗ ಅಮ್ಮಂಗೆ ಇದು ಹೇಗೆ ಆಗತ್ತೆ ಅಂತ ಹೇಳ್ದೆ. ಮಳೆ, ಹಿಮದ ನೀರು ಆಳಕ್ಕಿಳಿದು ಕೆಳಗಿನ ಶಿಲಾಪಾಕದ (ಕರಗಿದ ಬಂಡೆ) ಶಾಖಕ್ಕೆ ಕಾಯತ್ತೆ, ಮೇಲಿನ ನೀರಿನ ಭಾರ ಇರೋದ್ರಿಂದ ಪ್ರೆಶರ್ ಕುಕ್ಕರ್ ಒಳಗಿನ ಥರ, ಕುದಿಬಿಂದು ದಾಟಿದ್ರೂ ಕುದಿಯಲ್ಲ. ಕೊಳವೆ ಎಲ್ಲೋ ಕಿರಿದಾಗಿರ್ಬೇಕು, ಅದಕ್ಕೇ ಇದು ಬರೀ ಬಿಸಿನೀರಿನ ಬುಗ್ಗೆ ಆಗ್ದೆ ಗೀಸರ್ ಆಗೋದು. ಮೇಲಿಂದ ಸ್ವಲ್ಪ ನೀರು ಉಕ್ಕಿ ಭಾರ ಕಮ್ಮಿ ಆಯ್ತೋ, ಕೆಳಗಿಂದು ಒಂದೇ ಸಲಕ್ಕೆ ಆವಿಯಾಗಿ ಎಲ್ಲಾನೂ ಎತ್ತಿ ಎಸೆಯತ್ತೆ. ಈ ಜಾಗ ಸಮುದ್ರಮಟ್ಟಕ್ಕಿಂತ ತುಂಬ ಎತ್ತರದಲ್ಲಿದೆ, ಹಾಗಾಗಿ ಮೇಲ್ಮೈನಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯೋದು.

"ಅಂಚಲ್ಲಿ ಅಲೆ ಏಳ್ತಾ ಇದೆ ನೋಡೋ" ಅಂದ್ರು ಅಮ್ಮ. ಹೌದು, ತುಂಬಿದ ಕೊಳದ ಅಂಚಿಗೆ ಸಣ್ಣ ಸಣ್ಣ ಅಲೆ ಬಡೀತಾ ಇತ್ತು, ಆ ಹೆಂಗಸೂ ಎದ್ದು ನಿಂತ್ರು, ಅಷ್ಟರಲ್ಲಿ ನಡು ನೀರು ಉಬ್ಬಿ ಬುಸ್ ಅಂತ ಮೇಲಕ್ಕೆ ಹೋಯ್ತು, ಜೊತೆಗೆ ಟರ್ಬನ್, ಆಮೇಲೆ ವೆಂಟ್ ಅನ್ನೋ ಇನ್ನೊಂದು ಓರೆಯಾಗಿ. ಒಂದು ಸಲ ನಿಂತ ಮೇಲೆ ಹೊರಡ್ಬೇಡಿ ಅಂದ್ರು ಆ ಹೆಂಗಸು, ನಿಂತು ಮತ್ತೆ ಎದ್ದಾಗ ಮೊದಲಿಗಿಂತ ಎತ್ತರ ಹೋಯ್ತು ಅಂತ ನಂಗನ್ನಿಸ್ತು.

ಇಲ್ಲಿಂದ ಮುಂದೆ ಮಾರ್ನಿಂಗ್ ಗ್ಲೋರಿ ಕೊಳ. ಜನ ವರ್ಷಗಟ್ಟಲೆ ನಾಣ್ಯ, ಕಸ ಎಸೆದು ಬಿಸಿನೀರು ಬರೋ ಬಾಯಿ ಕಟ್ಟಿಸಿ, ನೀರಿನ ಶಾಖ ಇಳಿದು, ಆ ನೀಲಿ ಬಣ್ಣಾನೇ ಅಂಚಿಂದ ಹಳದಿ ಕಿತ್ತಳೆಗೆ ತಿರುಗಿದೆ. ನೋಡಿದ್ರೆ ಹೊಟ್ಟೆ ಉರಿಯತ್ತೆ.

1871ರಲ್ಲಿ ಸರ್ಕಾರ ಕಳಿಸಿದ ಹೇಡನ್ ಸರ್ವೇ ತಂಡದ ಜೊತೆ ಬಂದ ವಿಲಿಯಂ ಹೆನ್ರಿ ಜಾಕ್ಸನ್ ಫೋಟೋಗಳು, ಥಾಮಸ್ ಮೊರಾನ್ ಚಿತ್ರಗಳು ವಾಷಿಂಗ್ಟನ್‌ನವರ ಕಣ್ಣು ತೆರೆಸಿದ್ವು, 1872ರ ಮಾರ್ಚ್ 1ಕ್ಕೆ ಪ್ರಪಂಚದ ಮೊದಲ ನ್ಯಾಷನಲ್ ಪಾರ್ಕ್ ಆಯ್ತು. ಆದ್ರೆ ಅದಕ್ಕೂ ಸಾವಿರಾರು ವರ್ಷ ಮೊದಲಿಂದ ಇಲ್ಲಿ ಜನ ಇದ್ರು, ಅಬ್ಸಿಡಿಯನ್ ಕ್ಲಿಫ್‌ನ ಕಪ್ಪು ಗಾಜುಗಲ್ಲಲ್ಲಿ ಬಾಣದ ಮೊನೆ ಮಾಡ್ತಿದ್ರು. ಆದಿವಾಸಿಗಳಿಗೆ ಗೀಸರ್ ಕಂಡ್ರೆ ಭಯ, ಅದಕ್ಕೇ ಬರ್ತಿರ್ಲಿಲ್ಲ ಅನ್ನೋದು ಆಮೇಲೆ ಹಬ್ಬಿಸಿದ ಸುಳ್ಳು.

ಮಾರನೇ ದಿನ ದಕ್ಷಿಣಕ್ಕೆ ಇಳಿದು ಗ್ರ್ಯಾಂಡ್ ಟೀಟಾನ್ ಅನ್ನೋ ಇನ್ನೊಂದು ನ್ಯಾಷನಲ್ ಪಾರ್ಕ್. ಮುಂದೆ ಸಣ್ಣ ಗುಡ್ಡ ಅಂತ ಒಂದೂ ಇಲ್ಲ, ಬಯಲಿಂದ ನೇರ ಗೋಡೆ ಎದ್ದಂಗೆ 13,775 ಅಡಿ ಶಿಖರ. ನೆಲ ಬಿರುಕು ಬಿಟ್ಟು ಒಂದು ಕಡೆ ಮೇಲೆದ್ದು ಇನ್ನೊಂದು ಕಡೆ ಕುಸಿದಿದ್ದಕ್ಕೆ ಹೀಗೆ. 1929ರಲ್ಲಿ ಮೊದಲು ಮಾಡಿದ ಪಾರ್ಕ್‌ನಲ್ಲಿ ಬೆಟ್ಟ, ಬೆಟ್ಟದ ಬುಡದ ಕೆರೆಗಳಷ್ಟೇ ಇದ್ದಿದ್ದು. ಕೆಳಗಿನ ಕಣಿವೆ ಉಳಿದಿದ್ದು ಅಮೆರಿಕದ ದೊಡ್ಡ ಶ್ರೀಮಂತ ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ಒಂದು ಕಂಪನಿ ಹೆಸರಲ್ಲಿ ಸದ್ದಿಲ್ಲದೆ ಸುಮಾರು 35,000 ಎಕರೆ ಕೊಂಡು ಸರ್ಕಾರಕ್ಕೆ ಕೊಟ್ಟಿದ್ದಕ್ಕೆ, ಅಲ್ಲಿನ ರೈತರು ಎಷ್ಟೋ ಜನ ಸಿಟ್ಟಾಗಿದ್ರು, ಗಲಾಟೆ ಎಲ್ಲ ಮುಗಿದು ಈಗಿನ ಪಾರ್ಕ್ ಆಗೋಷ್ಟರಲ್ಲಿ 1950 ಬಂತು.

ಹೋಗೋರಿಗೆ: ಬೇಸಿಗೇಲೂ ಜಾಕೆಟ್ ಇರ್ಲಿ, ಗೀಸರ್ ಹತ್ರದ ರೂಮ್‌ಗಳು ತಿಂಗಳುಗಟ್ಟಲೆ ಮೊದಲೇ ಬುಕ್ ಆಗಿಹೋಗತ್ವೆ, ಸಿಗದಿದ್ರೆ ವೆಸ್ಟ್ ಯೆಲ್ಲೋಸ್ಟೋನ್ ಊರಲ್ಲಿ ಇರಿ, ಓಲ್ಡ್ ಫೇತ್‌ಫುಲ್‌ಗೆ ಅಲ್ಲಿಂದ ಸುಮಾರು 30 ಮೈಲಿ. ಮಕ್ಕಳ ಕೈ ಬಿಡ್ಬೇಡಿ, ಹಲಗೆ ದಾರಿ ಬಿಟ್ಟು ಒಂದು ಹೆಜ್ಜೆ ಇಟ್ರೂ ತೆಳು ಪದರದ ಕೆಳಗೆ ಕುದಿಯೋ ನೀರಿರತ್ತೆ.