ಹವಾಯಿ ಊಟದ ಅಂಗಡಿಗೆ ಹೋಗುವ ಮುನ್ನ: ಬೇ ಏರಿಯಾಕ್ಕೆ ಹೊಸದಾಗಿ ಬಂದವರಿಗೆ

ಇಲ್ಲಿ ಕೆಲಸಕ್ಕೆ ಸೇರಿದ ಒಂದೆರಡು ತಿಂಗಳಲ್ಲೇ ಆಫೀಸಿನವರು ನಿಮ್ಮನ್ನು ಪೋಕೆ ಅಂಗಡಿಗೆ ಎಳೆದುಕೊಂಡು ಹೋಗುತ್ತಾರೆ. ತಪ್ಪಿಸಿಕೊಳ್ಳುವುದು ಕಷ್ಟ, ತಪ್ಪಿಸಿಕೊಳ್ಳಬೇಕಾಗಿಯೂ ಇಲ್ಲ. ಹವಾಯಿ ಊಟ ಈಗ ಅಮೆರಿಕದ ಊರೂರಿಗೆ ಹಬ್ಬಿದೆ. ಅನ್ನ, ತೆಂಗು, ಅನಾನಸ್ ಎಲ್ಲ ಇರುವ ಅಡುಗೆ, ನಮಗೆ ಒಗ್ಗುತ್ತದೆ ಅಂದುಕೊಂಡು ಕೇಳದೆ ಆರ್ಡರ್ ಮಾಡಬೇಡಿ, ಅಷ್ಟೇ. ಅನಾನಸ್ ಹಾಕಿದ್ದೆಲ್ಲ ಹವಾಯಿಯದೂ ಅಲ್ಲ. ‘ಹವಾಯಿಯನ್ ಪಿಜ್ಜಾ’ ಹುಟ್ಟಿದ್ದು 1962ರಲ್ಲಿ, ಕೆನಡಾದಲ್ಲಿ, ಗ್ರೀಸ್‌ನಿಂದ ವಲಸೆ ಬಂದ ಸ್ಯಾಮ್ ಪನೋಪುಲೋಸ್ ಅವರ ಹೋಟೆಲಿನಲ್ಲಿ. ಅದರ ಮೇಲಿರುವ ಹ್ಯಾಮ್ ಹಂದಿಮಾಂಸ.

ಪೋಕೆ ಅಂದರೆ ತುಂಡು ಮಾಡಿದ ಹಸಿ ಮೀನು, ಹೆಚ್ಚಾಗಿ ಆಹಿ ಎಂಬ ಟ್ಯೂನಾ. ಹವಾಯಿಯಲ್ಲಿ ಇದನ್ನು ಸೂಪರ್‌ಮಾರ್ಕೆಟ್ಟಿನ ಮೀನಿನ ಕೌಂಟರಿನಲ್ಲೇ ತೂಕಕ್ಕೆ ಕೊಡುತ್ತಾರೆ. ಹಳೇ ಪದ್ಧತಿಯಲ್ಲಿ ಮೀನಿಗೆ ಉಪ್ಪು, ಸಮುದ್ರದ ಪಾಚಿ, ಹುರಿದು ಪುಡಿಮಾಡಿದ ಕುಕುಯಿ ಬೀಜ, ಇಷ್ಟೇ. ಜೋಳ, ಮಾವು, ಸೌತೆಕಾಯಿ ಎಲ್ಲ ಗುಡ್ಡೆ ಹಾಕುವ ಬೌಲ್ ಈ ಕಡೆಯವರ ಕೈವಾಡ. ಸಸ್ಯಾಹಾರಿಗಳಿಗೆ ಇದೇ ಅನುಕೂಲ: ಮೀನಿನ ಬದಲು ಟೋಫು ಹಾಕಿಸಿಕೊಂಡು ಸಾಲಿನಲ್ಲಿ ಮುಂದೆ ಹೋಗಬಹುದು. ಎಡವುವುದು ಕೊನೆಯಲ್ಲಿ, ಸಾಸ್ ಹತ್ತಿರ. ಪೊನ್ಜು ಸಾಸಿನಲ್ಲಿ ಸಾಮಾನ್ಯವಾಗಿ ಮೀನಿನ ಅಂಶ ಇರುತ್ತದೆ. ಅನ್ನದ ಮೇಲೆ ಎಳ್ಳಿನ ಜೊತೆ ಉದುರಿಸುವ ಫುರಿಕಾಕೆಯಲ್ಲೂ ಒಣಮೀನು ಇರುವುದೇ ಹೆಚ್ಚು. ಸ್ಪೈಸಿ ಮೇಯೋದಲ್ಲಿ ಮೊಟ್ಟೆ. ಶೋಯು, ಅಂದರೆ ಸೋಯಾ ಸಾಸ್, ಮತ್ತು ಎಳ್ಳೆಣ್ಣೆ ಹೇಳಿ, ಸಾಕು. ಕೈಗವಸು, ಚಮಚ ಬದಲಾಯಿಸಿ ಅಂತ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹಿಂದಿನವರ ಟ್ಯೂನಾ ಬಡಿಸಿದ ಚಮಚವೇ ನಿಮ್ಮ ಟೋಫುವಿಗೂ ಬರುತ್ತದೆ, ನೋಡಿಕೊಳ್ಳಿ.

ಇನ್ನೊಂದು ಬಗೆ ಪ್ಲೇಟ್ ಲಂಚ್. ಹೊನೊಲುಲುವಿನ ಎಲ್ ಆ್ಯಂಡ್ ಎಲ್ ಎಂಬ ಹೋಟೆಲ್ ಸರಣಿ 1999ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ಇದು ಇಲ್ಲಿನ ಮಾಲುಗಳ ಮಾಮೂಲಿ ಊಟವಾಯಿತು. ಎರಡು ಉಂಡೆ ಅನ್ನ, ಮ್ಯಾಕರೋನಿ ಸಲಾಡ್, ಒಂದು ಮಾಂಸ. ಕಬ್ಬಿನ ತೋಟಗಳಿಗೆ ಕೂಲಿಗೆ ಬಂದ ಜಪಾನ್, ಚೀನಾ, ಕೊರಿಯಾ, ಫಿಲಿಪೀನ್ಸ್, ಪೋರ್ಚುಗಲ್‌ನವರ ಬುತ್ತಿಗಳು ಬೆರೆತು ಹುಟ್ಟಿದ ಊಟ ಇದು. ಕೋಳಿ ತಿನ್ನುವವರು ಕಣ್ಣುಮುಚ್ಚಿ ಚಿಕನ್ ಕಾಟ್ಸು, ಅಂದರೆ ಬ್ರೆಡ್ ಪುಡಿ ಹಚ್ಚಿ ಕರಿದ ಕೋಳಿ, ತೆಗೆದುಕೊಳ್ಳಬಹುದು. ಲೋಕೊ ಮೊಕೊ ಅಂದರೆ ಅನ್ನದ ಮೇಲೆ ದನದ ಮಾಂಸದ ಪ್ಯಾಟಿ, ಮೊಟ್ಟೆ, ಗ್ರೇವಿ. ಸ್ಪ್ಯಾಮ್ ಮುಸುಬಿ ನೋಡಲು ಮುದ್ದಾಗಿರುತ್ತದೆ, ಒಳಗಿರುವುದು ಡಬ್ಬಿಯ ಹಂದಿಮಾಂಸ. ‘ಚಿಕನ್ ಲಾಂಗ್ ರೈಸ್’ ಕೇಳಿದರೆ ಅನ್ನ ಬರುವುದಿಲ್ಲ, ಕೋಳಿ ಸಾರಿನಲ್ಲಿ ಗಾಜಿನಂಥ ಶಾವಿಗೆ ಬರುತ್ತದೆ. ಪೂರ್ತಿ ಸಸ್ಯಾಹಾರಿಗಳು ಈ ಅಂಗಡಿಗಳಿಗೆ ಹಸಿದುಕೊಂಡು ಹೋಗದಿರುವುದೇ ಒಳ್ಳೆಯದು. ಮ್ಯಾಕರೋನಿ ಸಲಾಡಿನ ಮೇಯೋದಲ್ಲೂ ಮೊಟ್ಟೆ ಇದೆ.

ನನ್ನ ಮಾತು ಕೇಳುವುದಾದರೆ, ನಮ್ಮವರು ಹುಡುಕಿಕೊಂಡು ಹೋಗಬೇಕಾದದ್ದು ಕೆಸುವನ್ನು. ಅಲ್ಲಿ ಅದಕ್ಕೆ ಕಾಲೊ ಅನ್ನುತ್ತಾರೆ. ಹವಾಯಿ ಮೂಲನಿವಾಸಿಗಳ ಪುರಾಣದಲ್ಲಿ ಸತ್ತು ಹುಟ್ಟಿದ ಮೊದಲ ಮಗುವನ್ನು ಹೂತ ಜಾಗದಲ್ಲಿ ಕೆಸು ಚಿಗುರುತ್ತದೆ, ಎರಡನೆಯ ಮಗುವೇ ಮನುಷ್ಯ. ಹಾಗಾಗಿ ಕೆಸು ಮನುಷ್ಯನಿಗೆ ಅಣ್ಣ. ಗೆಡ್ಡೆ ಬೇಯಿಸಿ, ಕುಟ್ಟಿ, ನೀರು ಬೆರೆಸಿದರೆ ಪೋಯಿ, ನಸುನೇರಳೆ ಬಣ್ಣದ ಅಂಟು ಗಂಜಿ. ಎರಡು ದಿನ ಇಟ್ಟರೆ ದೋಸೆಹಿಟ್ಟಿನ ಹಾಗೆ ಹುಳಿ ಬರುತ್ತದೆ, ಹುಳಿ ಬಂದದ್ದನ್ನೇ ಇಷ್ಟಪಡುವವರೂ ಇದ್ದಾರೆ. ಎತ್ತಿ ತಿನ್ನಲು ಎಷ್ಟು ಬೆರಳು ಬೇಕು ಅನ್ನುವುದರ ಮೇಲೆ ಅದರ ಹದ ಹೇಳುವುದು: ಒಂದು ಬೆರಳಿನದು ಗಟ್ಟಿ, ಮೂರು ಬೆರಳಿನದು ತೆಳು. ಬರೀ ಪೋಯಿ ಸಪ್ಪೆ. ಉಪ್ಪು, ಹಸಿ ಈರುಳ್ಳಿ ಕೇಳಿ ನಂಚಿಕೊಳ್ಳಿ.

ಮಳೆಗಾಲದಲ್ಲಿ ಪತ್ರೊಡೆ ತಿಂದು ಬೆಳೆದ ಕರಾವಳಿಯವರು ಲಾವ್‌ಲಾವ್ ಎಂಬ ಎಲೆಯ ಪೊಟ್ಟಣ ಬಿಚ್ಚಿದರೆ ಎಲೆಯ ಗುರುತು ಹತ್ತುತ್ತದೆ, ಅದೇ ಕೆಸುವಿನೆಲೆ. ತುರಿಕೆ ಹೋಗಲು ನಾವು ಹುಣಸೆ ಹಾಕುತ್ತೇವೆ, ಅವರು ಗಂಟೆಗಟ್ಟಲೆ ಬೇಯಿಸುತ್ತಾರೆ. ಆದರೆ ಒಳಗೆ ಸುತ್ತಿರುವುದು ಹಂದಿಮಾಂಸ, ಮೀನು. ತಿನ್ನದವರು ಸೀದಾ ಸಿಹಿಗೆ ಹೋಗಿ. ಕುಲೊಲೊ ಅಂದರೆ ತುರಿದ ಕೆಸು, ತೆಂಗಿನಹಾಲು, ಸಕ್ಕರೆ ಸೇರಿಸಿ ಬೇಯಿಸಿದ ಜಿಗುಟು ತುಂಡು. ಹಾವ್ಪಿಯಾ ತೆಂಗಿನಹಾಲಿನದು, ಮಾಮೂಲಿಯಾಗಿ ಅದರಲ್ಲಿ ಮೊಟ್ಟೆಯೂ ಇಲ್ಲ, ಹಸುವಿನ ಹಾಲೂ ಇಲ್ಲ.

ಇವು ಮಾಲಿನಲ್ಲಿ ಸಿಗುವುದು ಅಪರೂಪ, ಹವಾಯಿಯವರೇ ನಡೆಸುವ ಅಂಗಡಿ ಬೇಕು. ಆ ಅಂಗಡಿಗಳನ್ನೇ ಹುಡುಕಿ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. 2018ರಲ್ಲಿ ಶಿಕಾಗೋದ ಪೋಕೆ ಕಂಪನಿಯೊಂದು ‘ಅಲೋಹಾ’ (ಹವಾಯಿ ಭಾಷೆಯ ನಮಸ್ಕಾರ) ಹೆಸರು ಬಳಸಬೇಡಿ ಎಂದು ಹವಾಯಿಯವರ ಸಣ್ಣ ಅಂಗಡಿಗಳಿಗೂ ವಕೀಲರಿಂದ ಪತ್ರ ಕಳಿಸಿತ್ತು. ಅಲ್ಲಿನವರು ಸಿಡಿದೆದ್ದದ್ದರಲ್ಲಿ ಆಶ್ಚರ್ಯವಿಲ್ಲ. ಊರಿಂದ ಬಂದ ಅಪ್ಪ ಅಮ್ಮನನ್ನು ಹೇಗೂ ಲಾಸ್ ವೇಗಸ್‌ಗೆ ಕರೆದುಕೊಂಡು ಹೋಗುತ್ತೀರಲ್ಲ, ಅಲ್ಲಿ ವಿಚಾರಿಸಿ. ದ್ವೀಪಗಳಲ್ಲಿ ಬದುಕು ದುಬಾರಿಯಾಗಿ ಎಷ್ಟು ಜನ ಅಲ್ಲಿಗೆ ಬಂದಿದ್ದಾರೆಂದರೆ, ಎಂಟು ಮುಖ್ಯ ದ್ವೀಪಗಳ ಹವಾಯಿಗೆ ಅದು ಒಂಬತ್ತನೇ ದ್ವೀಪ ಅಂತಲೇ ಕರೆಯುತ್ತಾರೆ.

ಕೊನೆಗೆ ಕಿಂಗ್ಸ್ ಹವಾಯಿಯನ್ ಬನ್ನು. 1950ರಲ್ಲಿ ಹವಾಯಿಯ ಹಿಲೋ ಪಟ್ಟಣದಲ್ಲಿ ರಾಬರ್ಟ್ ತೈರಾ ತೆರೆದ ಬೇಕರಿಯದು, ಈಗ ಎಲ್ಲ ಸೂಪರ್‌ಮಾರ್ಕೆಟ್ಟಿನಲ್ಲೂ ಸಿಗುತ್ತದೆ. ಪಾವ್ ಸಿಗದಿದ್ದಾಗ ನಮ್ಮವರ ಮನೆಗಳಲ್ಲಿ ಇದೇ ಗತಿ. ಬೆಣ್ಣೆ ಹಚ್ಚಿ ಕಾವಲಿಯ ಮೇಲೆ ಬಿಸಿ ಮಾಡಿದರೆ ಖಾರದ ಭಾಜಿಗೆ ಚೆನ್ನಾಗಿಯೇ ಹೊಂದುತ್ತದೆ, ವಡಾಪಾವ್‌ಗೆ ಮಾತ್ರ ಸಿಹಿ ಜಾಸ್ತಿ. ಮೊಟ್ಟೆ ತಿನ್ನದ ನೆಂಟರು ಬಂದಾಗ ಬೇಡ, ಇದರ ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ.