ಎತ್ತರಕ್ಕೆ ಏರಿಸಿದ್ದೇ ತಪ್ಪು: ಗುಂಡಿಯ ಮನೆಗೆ ಟಿವಿ ತಂದ ನನ್ನ ಅನುಭವ

ನಮ್ಮ ಮನೆ ಕೊಡಗಿನ ಮೂರ್ನಾಡಿನ ಕಡೆ, ಒಂದು ಗುಂಡಿಯಲ್ಲಿದೆ. ಮೂರು ಕಡೆ ಕಾಫಿ ತೋಟದ ಏರು, ಒಂದು ಕಡೆ ಗದ್ದೆ. ಫೋನಿಗೆ ರೇಂಜ್ ಬೇಕಾದರೆ ಈಗಲೂ ಕಣದ ಮೂಲೆಗೆ ಹೋಗಿ ನಿಲ್ಲಬೇಕು. ಹಾಗಾಗಿ ಮೊಬೈಲಲ್ಲೇ ಟಿವಿ ನೋಡಬಹುದಲ್ವಾ ಎಂದು ಯಾರಾದರೂ ಕೇಳಿದರೆ ನಾನು ಸುಮ್ನೆ ನಕ್ಕುಬಿಡುತ್ತೇನೆ.

ಮಡಿಕೇರಿಯ ದೂರದರ್ಶನ ಮರುಪ್ರಸಾರ ಕೇಂದ್ರದ ಸಿಗ್ನಲ್ ಗುಂಡಿಯೊಳಗೆ ಇಳಿಯುತ್ತಿರಲಿಲ್ಲ. ನೆಲದ ಮೇಲಿನ ಟ್ರಾನ್ಸ್‌ಮಿಟರ್‌ನ ಸಿಗ್ನಲ್ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಬರುತ್ತದೆ. ನಡುವೆ ಗುಡ್ಡ ಬಂದರೆ ಅಲ್ಲಿಗೆ ಮುಗಿಯಿತು. ಅಪ್ಪ ಏನು ಮಾಡಿದ್ದರು ಎಂದರೆ, ಮನೆಯ ಹಿಂದಿನ ಏರಿನಲ್ಲಿ ಒಂದು ಸಿಲ್ವರ್ ಓಕ್ ಮರದ ತುದಿಗೆ ಆಂಟೆನಾ ಕಟ್ಟಿಸಿ, ಅಲ್ಲಿಂದ ಮನೆವರೆಗೆ ಚಪ್ಪಟೆ ವೈರ್ ಎಳೆಸಿದ್ದರು. ನಡುವೆ ಒಂದು ಬೂಸ್ಟರ್. ಮಂಗ ಹಾರಿದರೆ ಆಂಟೆನಾ ತಿರುಗುತ್ತಿತ್ತು, ಅಳಿಲು ಕಡಿದರೆ ವೈರ್ ಹೋಗುತ್ತಿತ್ತು. ಮೈಸೂರು ದಸರಾದ ಜಂಬೂ ಸವಾರಿ ದಿನ ಅಂಬಾರಿ ಆನೆಯ ಪಕ್ಕ ಅದರದ್ದೇ ನೆರಳಿನಂತೆ ಇನ್ನೊಂದು ಆನೆ ಕಾಣುತ್ತಿತ್ತು. ಸಿಗ್ನಲ್ ಎದುರಿನ ಬೆಟ್ಟಕ್ಕೆ ಬಡಿದು ಎರಡು ದಾರಿಯಲ್ಲಿ ಬಂದರೆ ಹಾಗಾಗುತ್ತದೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ನಂತರ.

ಈ ಇತಿಹಾಸ ಯಾಕೆ ಹೇಳಿದೆ ಎಂದರೆ, ನಮ್ಮ ಮನೆಯವರ ತಲೆಯಲ್ಲಿ ಒಂದು ಮಾತು ಗಟ್ಟಿಯಾಗಿ ಕೂತುಬಿಟ್ಟಿತ್ತು: ಟಿವಿ ಬರಬೇಕಾದರೆ ಎತ್ತರಕ್ಕೆ ಏರಿಸಬೇಕು. ಮುಂದೆ ನನಗೆ ಕೈಕೊಟ್ಟದ್ದು ಇದೇ ಮಾತು.

ಪ್ರಸಾರ ಭಾರತಿ ದೇಶದ ಬಹುತೇಕ ಅನಲಾಗ್ ಟಿವಿ ಟ್ರಾನ್ಸ್‌ಮಿಟರ್‌ಗಳನ್ನು 2021-22ರಲ್ಲಿ ಹಂತ ಹಂತವಾಗಿ ನಿಲ್ಲಿಸಿತು. ನಮ್ಮ ಟಿವಿಯಲ್ಲೂ ಒಂದು ದಿನ ಬರೀ ಚುಕ್ಕಿ. ಅಪ್ಪನಿಗೆ ಮೊದಲ ಅನುಮಾನ ಬಂದದ್ದು ಬೂಸ್ಟರ್ ಮೇಲೆ. ಹೊಸದು ತರಿಸಿದರು. ಆಮೇಲೆ ಮರ ಹತ್ತಲು ಆಳು ಕರೆಸಿದರು. ಟ್ರಾನ್ಸ್‌ಮಿಟರೇ ಇಲ್ಲ ಎಂದು ಅವರಿಗೆ ಒಪ್ಪಿಸುವಷ್ಟರಲ್ಲಿ ಒಂದು ವಾರ ಹೋಯಿತು.

ನನ್ನ ತಲೆಯಲ್ಲಿ ಆಗ ಬೇರೊಂದು ಆಸೆ ಇತ್ತು. 2016ರ ಫೆಬ್ರವರಿಯಲ್ಲಿ ದೂರದರ್ಶನ 16 ನಗರಗಳಲ್ಲಿ ನೆಲದ ಮೇಲಿನ ಟ್ರಾನ್ಸ್‌ಮಿಟರ್‌ನಿಂದಲೇ ಡಿಜಿಟಲ್ ಪ್ರಸಾರ ಶುರು ಮಾಡಿತ್ತು. ಡಿವಿಬಿ-ಟಿ2 ಎನ್ನುತ್ತಾರೆ. ಬೆಂಗಳೂರಿನಲ್ಲಿ ತಮ್ಮನ ಟಿವಿಯಲ್ಲಿ ಆ ಟ್ಯೂನರ್ ಇತ್ತು. ಮರು ವರ್ಷ ಹೋದಾಗ ಅಲ್ಲಿ ಪರೀಕ್ಷೆ ಮಾಡಿ ನೋಡಿದ್ದೆ. ಅಲ್ಯೂಮಿನಿಯಂ ಕಡ್ಡಿ ಕತ್ತರಿಸಿ ಒಂದು ಪುಟ್ಟ ಆಂಟೆನಾ ಮಾಡಿದೆ. ಈ ಪ್ರಸಾರ ಯುಎಚ್‌ಎಫ್‌ನಲ್ಲಿ, ಅಂದರೆ ಅಲೆಯ ಉದ್ದ ಕಡಿಮೆ ಇರುವ ಫ್ರೀಕ್ವೆನ್ಸಿಗಳಲ್ಲಿ. 500 ಮೆಗಾಹರ್ಟ್ಸ್ ಆಸುಪಾಸಿಗೆ ಕಡ್ಡಿ ಸುಮಾರು 30 ಸೆಂ.ಮೀ. ಇದ್ದರೆ ಸಾಕು, ನಮ್ಮ ಮರದ ಮೇಲಿನ ಆಂಟೆನಾದ ಮಾರುದ್ದ ಕಡ್ಡಿ ಬೇಡ. ಬಾಲ್ಕನಿಯಿಂದ ಜೆ.ಸಿ. ನಗರದ ದೂರದರ್ಶನದ ಕಡೆ ತಿರುಗಿಸಿ ಸ್ಕ್ಯಾನ್ ಹಾಕಿದರೆ ಒಂದೇ ಏಟಿಗೆ ಐದು ಚಾನೆಲ್. ಒಂದೇ ಫ್ರೀಕ್ವೆನ್ಸಿಯಲ್ಲಿ ಐದೂ ಬರುತ್ತಿದ್ದವು. ಕನ್ನಡಿಯಂಥ ಚಿತ್ರ, ನೆರಳು ಇಲ್ಲ, ಚುಕ್ಕಿ ಇಲ್ಲ. ಆದರೆ ಆಂಟೆನಾ ಒಂದು ಗೇಣು ಪಕ್ಕಕ್ಕೆ ಸರಿಸಿದರೆ ಪೂರ್ತಿ ಕಪ್ಪು. ಹಳೆಯ ಅನಲಾಗ್‌ನಲ್ಲಿ ಅರ್ಧಂಬರ್ಧವಾದರೂ ಏನೋ ಕಾಣುತ್ತಿತ್ತು, ಡಿಜಿಟಲ್‌ನಲ್ಲಿ ಆ ಅರ್ಧಂಬರ್ಧ ಎನ್ನುವುದೇ ಇಲ್ಲ.

ಆ 16ರ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದದ್ದು ಬೆಂಗಳೂರು ಒಂದೇ. ನಮ್ಮಲ್ಲಿಗೆ ನೇರ ಅಳೆದರೂ 200 ಕಿ.ಮೀ.ಗಿಂತ ಜಾಸ್ತಿ. ಎಷ್ಟು ಎತ್ತರದ ಮರ ಹತ್ತಿದರೂ ಸಿಗುವ ಮಾತಲ್ಲ. ಆಂಟೆನಾ ಆಸೆ ಬಿಟ್ಟೆ. ಉಳಿದದ್ದು ಉಪಗ್ರಹದಿಂದ ಬರುವ, ತಿಂಗಳ ಬಾಡಿಗೆ ಇಲ್ಲದ ದೂರದರ್ಶನದ ಡಿಡಿ ಫ್ರೀ ಡಿಶ್.

ಆ ಮೇ ತಿಂಗಳಲ್ಲಿ ಪೇಟೆಯಿಂದ ಒಬ್ಬ ಹುಡುಗ ಬಂದು ಡಿಶ್ ಹಾಕಿಕೊಟ್ಟ. ಡಿಶ್, ಅದರ ಎದುರಿಗೆ ಚಾಚಿದ ಕಡ್ಡಿಯ ತುದಿಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ, ಬಾಕ್ಸ್, ಕೂಲಿ ಸೇರಿ ಎರಡು ಸಾವಿರದ ಒಳಗೆ ಆಯಿತು. ಎಲ್ಲಿ ಹಾಕಬೇಕು ಎಂದು ಅವನು ಕೇಳಿದ. ನಾವೆಲ್ಲ ಒಂದೇ ದನಿಯಲ್ಲಿ ಅಡುಗೆಮನೆ ಪಕ್ಕದ ಎತ್ತರದ ಪೈಪ್ ತೋರಿಸಿದೆವು. ಟಿವಿ ಬಂತು, ಎಲ್ಲರಿಗೂ ಖುಷಿ.

ಜೂನ್‌ನಲ್ಲಿ ಮಳೆ ಹಿಡಿಯಿತು. ಟಿವಿ ಹೋಯಿತು. ಮಳೆಗೆ ಡಿಶ್ ಟಿವಿ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ಈ ಸಿಗ್ನಲ್ 11 ಗಿಗಾಹರ್ಟ್ಸ್‌ನ ಮೇಲಿರುತ್ತದೆ, ಅಲೆಯ ಉದ್ದ ಎರಡೂವರೆ ಸೆಂ.ಮೀ. ಆಸುಪಾಸು. ಜೋರು ಮಳೆಯ ಹನಿ ಅದನ್ನು ಕುಡಿದುಬಿಡುತ್ತದೆ. ಹಳೆಯ ಆಂಟೆನಾಕ್ಕೆ ಆ ಕಾಟ ಇರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಮಳೆ ನಿಂತ ಮೇಲೂ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. ಗಾಳಿ ಬೀಸಿದಾಗ ಜಾಸ್ತಿ. ಜುಲೈ-ಆಗಸ್ಟ್‌ನ ನಮ್ಮ ಕಕ್ಕಡದ ತಿಂಗಳು ಪೂರ್ತಿ ಹೀಗೇ. ಎಲ್‌ಎನ್‌ಬಿ ನೆನೆಯಬಾರದೆಂದು ನಾನು ಅದಕ್ಕೊಂದು ಪ್ಲಾಸ್ಟಿಕ್ ಕವರ್ ಕಟ್ಟಿದೆ. ಇನ್ನೂ ಹಾಳಾಯಿತು. ಪ್ಲಾಸ್ಟಿಕ್ ಮೇಲೆ ನೀರಿನ ಪದರ ನಿಂತು, ಅದೇ ಸಿಗ್ನಲ್‌ಗೆ ಗೋಡೆ ಆಯಿತು. ದಯವಿಟ್ಟು ಆ ಕೆಲಸ ಯಾರೂ ಮಾಡಬೇಡಿ.

ಗುಟ್ಟು ಬಿಟ್ಟುಕೊಟ್ಟದ್ದು ಸೂರ್ಯ. ಸೆಪ್ಟೆಂಬರ್ ಕೊನೆ, ಮಳೆ ಬಿಟ್ಟು ಒಳ್ಳೆಯ ಬಿಸಿಲು. ಬೆಳಗ್ಗೆ 11ಕ್ಕೆ ಇನ್ನೂ ಐದು ನಿಮಿಷ ಇರುವಾಗ ಟಿವಿ ಹೋಯಿತು. ಸ್ವಲ್ಪ ಹೊತ್ತಿಗೆ ತಾನೇ ಬಂತು. ಮಾರನೇ ದಿನ ಅದೇ ಹೊತ್ತಿಗೆ ಮತ್ತೆ. ಪಕ್ಕದ ಎಸ್ಟೇಟಿನ ರೈಟರ್ ಮಾವ ಬಂದು ಕೂತಿದ್ದರು. ‘ಬಾಕ್ಸ್ ಬಿಸಿ ಆಗ್ತದೆ, ಬದಲಾಯಿಸು’ ಎಂದರು. ‘ಮಾವ, ಬಿಸಿ ಆಗುವುದಾದರೆ ಗಡಿಯಾರ ನೋಡಿಕೊಂಡು ಆಗ್ತದಾ?’ ಎಂದೆ.

ಓದಿ ನೋಡಿದಾಗ ವಿಷಯ ಗೊತ್ತಾಯಿತು. ವರ್ಷಕ್ಕೆ ಎರಡು ಸಲ, ಕೆಲವು ದಿನ, ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದು ನಿಲ್ಲುತ್ತಾನೆ. ಸೂರ್ಯನ ಗದ್ದಲದಲ್ಲಿ ಉಪಗ್ರಹದ ಸಣ್ಣ ದನಿ ಮುಳುಗಿಹೋಗುತ್ತದೆ. ಫ್ರೀ ಡಿಶ್ ಬರುವುದು ಜಿಸ್ಯಾಟ್-15ರಿಂದ, ಅದು ಇರುವುದು ಭೂಮಧ್ಯರೇಖೆಯ ಮೇಲೆ 93.5 ಡಿಗ್ರಿ ಪೂರ್ವದಲ್ಲಿ. ನಮ್ಮ ಕೊಡಗಿನಿಂದ ಲೆಕ್ಕ ಹಾಕಿದರೆ ಈ ಘಳಿಗೆ ಸೆಪ್ಟೆಂಬರ್ 28ರ ಹಿಂದೆಮುಂದೆ ಬೆಳಗ್ಗೆ 10.55ರ ಸುಮಾರಿಗೆ, ಮಾರ್ಚ್ 15ರ ಹಿಂದೆಮುಂದೆ 11.10ರ ಸುಮಾರಿಗೆ ಬರುತ್ತದೆ.

ಅಂದರೆ ಆ ಹೊತ್ತಿಗೆ ಸೂರ್ಯ ಎಲ್ಲಿದ್ದಾನೋ ಉಪಗ್ರಹ ಅಲ್ಲೇ. ಮೂರನೇ ದಿನ 10.50ಕ್ಕೆ ಏಣಿ ಇಟ್ಟು ಪೈಪಿನ ಹತ್ತಿರ ಹತ್ತಿದೆ. ಡಿಶ್‌ನ ಮೇಲಿನ ಅರ್ಧಕ್ಕೆ ಸಿಲ್ವರ್ ಓಕ್ ಕೊಂಬೆಯ ನೆರಳು ಬಿದ್ದಿತ್ತು. ಗಾಳಿಗೆ ಆ ಎಲೆಗಳ ನೆರಳು ಡಿಶ್ ಮೇಲೆ ಆಚೆ ಈಚೆ ಆಡುತ್ತಿತ್ತು. ಸೂರ್ಯನ ಬೆಳಕಿಗೆ ಅಡ್ಡ ಬಂದದ್ದು ಸಿಗ್ನಲ್‌ಗೂ ಅಡ್ಡವೇ ಅಲ್ವಾ! ಹುಡುಗ ಬಂದದ್ದು ಮೇ ತಿಂಗಳಲ್ಲಿ, ಮರ ಕಪಾತು ಆದ ಹೊಸತರಲ್ಲಿ. ಆಗ ಕೊಂಬೆ ಇರಲಿಲ್ಲ. ಮಳೆಗಾಲದಲ್ಲಿ ಚಿಗುರಿತು.

ಇಲ್ಲಿಂದ ಕಣಕ್ಕೆ ಕಣ್ಣು ಹಾಯಿಸಿದೆ. ಇಡೀ ಕಣ ಬಿಸಿಲಲ್ಲಿ ಹೊಳೆಯುತ್ತಿತ್ತು. ಕಾಫಿ ಒಣಗಿಸುವ ಜಾಗ, ಬಿಸಿಲು ಬೀಳಲೆಂದೇ ಮಾಡಿದ್ದು. ನೆಲಮಟ್ಟದಲ್ಲಿ, ಗುಂಡಿಯ ತಳದಲ್ಲಿ. ಡಿಶ್‌ಗೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

ಕಾರಣ ಇಷ್ಟೇ. ಮಡಿಕೇರಿ ಸಿಗ್ನಲ್ ಗುಡ್ಡದ ಸಾಲಿನಿಂದ ಅಡ್ಡಡ್ಡ ಬರುತ್ತಿತ್ತು, ಅದಕ್ಕೆ ಎತ್ತರ ಬೇಕಿತ್ತು. ಈ ಉಪಗ್ರಹ ನಮ್ಮ ಕಡೆಯಿಂದ ನೋಡಿದರೆ ಆಕಾಶದಲ್ಲಿ 65 ಡಿಗ್ರಿ ಮೇಲಿದೆ, ಹೆಚ್ಚುಕಡಿಮೆ ತಲೆಯ ಮೇಲೆ. ಏರಿನ ಗುಡ್ಡ ಅದಕ್ಕೆ ಲೆಕ್ಕಕ್ಕೇ ಇಲ್ಲ. ಮರದ ಲೆಕ್ಕವೂ ಸುಲಭ: ಡಿಶ್‌ಗಿಂತ 20 ಮೀಟರ್ ಎತ್ತರದ ಮರ 10 ಮೀಟರ್ ದೂರ ಇದ್ದರೂ ಸಾಕು, ದೃಷ್ಟಿ ಮೇಲಿಂದ ದಾಟಿಹೋಗುತ್ತದೆ. ಎತ್ತರದ ಅರ್ಧದಷ್ಟು ದೂರ ಎಂದು ನೆನಪಿಟ್ಟುಕೊಳ್ಳಿ. ಕೊಂಬೆ ಚಾಚಿದ್ದರೆ ಇನ್ನಷ್ಟು ಬಿಡಿ.

ಕಾಫಿ ಕುಯ್ಲು ಮುಗಿಯುವವರೆಗೆ ಕಣಕ್ಕೆ ಕೈ ಹಾಕಲು ಅಪ್ಪ ಬಿಡಲಿಲ್ಲ. ಮಾರ್ಚ್‌ನಲ್ಲಿ, ಮೊದಲ ಹೂಮಳೆ ಬಿದ್ದ ವಾರ, ಕಣದ ಅಂಚಿನಲ್ಲಿ ಸೊಂಟದೆತ್ತರದ ಪೈಪ್ ಕಾಂಕ್ರೀಟ್ ಹಾಕಿ ನಿಲ್ಲಿಸಿದೆ. ಪೈಪ್ ನೆಟ್ಟಗೆ ನಿಲ್ಲುವುದು ಮುಖ್ಯ. ತೂಕದ ಗುಂಡು ಇಳಿಬಿಟ್ಟು ಎರಡು ಕಡೆಯಿಂದ ನೋಡಿ. ಅದು ವಾಲಿದ್ದರೆ ಮುಂದಿನ ಡಿಗ್ರಿ ಲೆಕ್ಕವೆಲ್ಲ ಸುಳ್ಳಾಗುತ್ತದೆ.

ದಿಕ್ಕು: ಉತ್ತರದಿಂದ ಬಲಕ್ಕೆ 124 ಡಿಗ್ರಿ, ಅಂದರೆ ಆಗ್ನೇಯ. ಫೋನಿನ ಕಂಪಾಸ್ ಸಾಕು. ಆದರೆ ಕಬ್ಬಿಣದ ಪೈಪಿನ ಹತ್ತಿರ ಹಿಡಿಯಬೇಡಿ, ಜಿಂಕ್ ಶೀಟಿನ ಕೆಳಗೂ ಬೇಡ. ನಾನು ಹತ್ತು ಹೆಜ್ಜೆ ಹಿಂದೆ ನಿಂತು ದಿಕ್ಕು ನೋಡಿ, ಎದುರಿನ ಒಂದು ಮರಕ್ಕೆ ಗುರುತು ಇಟ್ಟುಕೊಂಡೆ.

ಎತ್ತರದ ಕೋನದಲ್ಲಿ ಹೊಸಬರು ಎಡವುತ್ತಾರೆ. ಉಪಗ್ರಹ 65 ಡಿಗ್ರಿ ಮೇಲಿದ್ದರೂ ಡಿಶ್ ಅಷ್ಟು ಮಲಗುವುದಿಲ್ಲ. ಇವು ಆಫ್‌ಸೆಟ್ ಡಿಶ್‌ಗಳು, ಮುಖ ತೋರಿಸುವುದಕ್ಕಿಂತ ಸುಮಾರು 25 ಡಿಗ್ರಿ ಮೇಲೆ ನೋಡುತ್ತವೆ. ಹಾಗಾಗಿ ಡಿಶ್ ನೆಟ್ಟಗೆ ನಿಂತ ಸ್ಥಿತಿಯಿಂದ 40 ಡಿಗ್ರಿ ಹಿಂದಕ್ಕೆ ವಾಲಿದರೆ ಸಾಕು. ಡಿಶ್ ಬಾಯಿಗೆ ಮೇಲಿಂದ ಕೆಳಕ್ಕೆ ಒಂದು ರೀಪರ್ (ಮರದ ಪಟ್ಟಿ) ಇಟ್ಟು, ಅದರ ಮೇಲೆ ಫೋನ್ ಇಟ್ಟು ಅಳೆದೆ.

ಬಾಕ್ಸ್‌ನಲ್ಲಿ 11090, ವರ್ಟಿಕಲ್, 29500 ಎಂಬ ಟ್ರಾನ್ಸ್‌ಪಾಂಡರ್, ಅಂದರೆ ಉಪಗ್ರಹದ ಒಂದು ಪ್ರಸಾರ ದಾರಿ, ಇಟ್ಟುಕೊಂಡೆ. ಎರಡು ಬಾರ್ ಕಾಣುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಸ್ಟ್ರೆಂತ್ ನೋಡಿ ಮೋಸಹೋಗಬೇಡಿ. ಎಲ್‌ಎನ್‌ಬಿಗೆ ಕರೆಂಟ್ ಹೋಗುತ್ತಿದ್ದರೆ ಡಿಶ್ ಗದ್ದೆಯ ಕಡೆ ತಿರುಗಿದ್ದರೂ ಅದು ತುಂಬಿರುತ್ತದೆ. ನೋಡಬೇಕಾದದ್ದು ಕ್ವಾಲಿಟಿ. ಇನ್ನೊಂದು ಮಾತು, ಮೆಲ್ಲಗೆ ತಿರುಗಿಸಿ. 60 ಸೆಂ.ಮೀ. ಡಿಶ್‌ನ ಅಂಚು ಒಂದು ಬೆರಳಿನ ಅಗಲದಷ್ಟು ಸರಿದರೂ ಅರ್ಧಕ್ಕರ್ಧ ಸಿಗ್ನಲ್ ಹೋಗುತ್ತದೆ. ಬಾಕ್ಸ್‌ನ ಬಾರ್ ಕೂಡ ಎರಡು ಮೂರು ಸೆಕೆಂಡ್ ತಡವಾಗಿ ಏಳುತ್ತದೆ. ಒಂದು ಚೂರು ಸರಿಸಿ, ಮೂರು ಎಣಿಸಿ, ನೋಡಿ. ಮತ್ತೆ ಒಂದು ಚೂರು. ನಾನು ಹಳೆಯ ಸಣ್ಣ ಟಿವಿಯನ್ನು ಕಣಕ್ಕೇ ತಂದು ಸ್ಟೂಲ್ ಮೇಲೆ ಇಟ್ಟುಕೊಂಡಿದ್ದೆ. ಒಳಗಿನವರು ಕೂಗಿ ಹೇಳುವುದನ್ನು ನಂಬಿ ಈ ಕೆಲಸ ಆಗುವುದಿಲ್ಲ.

ಇಷ್ಟಾದ ಮೇಲೂ ಕ್ವಾಲಿಟಿ ಅರವತ್ತರ ಆಚೆ ಹೋಗಲಿಲ್ಲ. ಆಗ ನೆನಪಾದದ್ದು ಎಲ್‌ಎನ್‌ಬಿಯ ತಿರುವು. ಉಪಗ್ರಹದ ಅಲೆ ನಮಗೆ ಓರೆಯಾಗಿ ಬರುತ್ತದೆ, ಎಲ್‌ಎನ್‌ಬಿಯನ್ನೂ ಅಷ್ಟೇ ಓರೆಗೆ ತಿರುಗಿಸಬೇಕು. ಹುಡುಗ ಅದನ್ನು ನೆಟ್ಟಗೆ ಸಿಕ್ಕಿಸಿ ಹೋಗಿದ್ದ. ಉತ್ತರದ ಕಡೆಯವರು ಹಾಕುವ ವಿಡಿಯೊಗಳಲ್ಲಿ ಸ್ವಲ್ಪ ಓರೆ ಮಾಡಿ ಎನ್ನುತ್ತಾರೆ. ದೆಹಲಿಗೆ ಲೆಕ್ಕ ಹಾಕಿದರೆ 27 ಡಿಗ್ರಿ, ಅವರಿಗೆ ಅದು ಸರಿ. ಭೂಮಧ್ಯರೇಖೆಗೆ ಹತ್ತಿರ ಬಂದಷ್ಟೂ ಈ ಓರೆ ಜಾಸ್ತಿ. ಮಡಿಕೇರಿಗೆ 54 ಡಿಗ್ರಿ ಬರುತ್ತದೆ. ಡಿಶ್ ಹಿಂದೆ ನಿಂತು ಉಪಗ್ರಹದ ಕಡೆ ಮುಖ ಮಾಡಿದರೆ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಬೇಕು. ಲೆಕ್ಕ ಶುರುಮಾಡಲು ಮಾತ್ರ, ಕೊನೆಗೆ ನಿಲ್ಲಿಸುವುದು ಬಾರ್ ನೋಡಿಯೇ. ಕ್ಲಾಂಪಿನ ಸ್ಕ್ರೂ ಸಡಿಲಿಸಿ ಮೆಲ್ಲಗೆ ತಿರುಗಿಸುತ್ತಾ ಹೋದೆ. ಅರವತ್ತೆಂಟು, ಎಪ್ಪತ್ತೈದು, ಎಂಬತ್ತೆರಡು. ಎಲ್‌ಎನ್‌ಬಿ ಮುರಿದು ನೇತಾಡುವಂತೆ ವಿಕಾರವಾಗಿ ಕಂಡಾಗ ಸಿಗ್ನಲ್ ಅತಿ ಚೆನ್ನಾಗಿತ್ತು.

ಕೇಬಲ್ ಬಗ್ಗೆ ಒಂದೆರಡು ಮಾತು. ಆರ್‌ಜಿ-6 ಎಂಬ ಬಗೆಯದ್ದು ಹಾಕಿ. ಕೇಬಲ್ ತುದಿಗೆ ಹಾಕುವ ಎಫ್ ಕನೆಕ್ಟರ್‌ನ ಒಳಗಿನ ಜಾಲರಿಯ ಒಂದು ಎಳೆಯೂ ನಡುವಿನ ತಂತಿಗೆ ತಾಗಬಾರದು. ಈ ಕೇಬಲ್‌ನಲ್ಲೇ ಎಲ್‌ಎನ್‌ಬಿಗೆ 13 ಇಲ್ಲವೇ 18 ವೋಲ್ಟ್ ಹೋಗುತ್ತದೆ, ತಾಗಿದರೆ ಬಾಕ್ಸ್ ಸುಡಬಹುದು. ಎಲ್‌ಎನ್‌ಬಿ ಹತ್ತಿರ ಕೇಬಲ್ ಒಂದು ಸುತ್ತು ಕೆಳಗೆ ಇಳಿದು ಮೇಲೆ ಹೋಗಲಿ, ನೀರು ಆ ಬಳುಕಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ನಮ್ಮ ಮಳೆಗೆ ಟೇಪ್ ಒಂದು ಪದರ ಸಾಲದು. ಏಪ್ರಿಲ್ ಮೇ ಸಿಡಿಲಿಗೆ ಕೇಬಲ್ ಕಳಚಿ ಇಡುವುದೊಂದೇ ನನಗೆ ಗೊತ್ತಿರುವ ಉಪಾಯ.

ಮುಂದಿನ ಮಳೆಗಾಲಕ್ಕೆ ಮುಂಚೆ 60 ಸೆಂ.ಮೀ. ತೆಗೆದು 90ರ ಡಿಶ್ ಹಾಕಿದೆ. ಅಗಲ ಒಂದೂವರೆ ಪಟ್ಟು ಆದರೆ ಸಿಗ್ನಲ್ ಹಿಡಿಯುವ ಜಾಗ ಎರಡೂಕಾಲು ಪಟ್ಟು. ಈಗಲೂ ಜಡಿಮಳೆ ಜೋರಾಗಿ ಹೊಡೆದರೆ ಟಿವಿ ಹೋಗುತ್ತದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮಳೆ ತಗ್ಗಿದ ಕೂಡಲೇ ಬರುತ್ತದೆ. ಕರೆಂಟ್ ಇಲ್ಲದ ದಿನಗಳಿಗೆ ನಮ್ಮ ಬಾಕ್ಸ್ 12 ವೋಲ್ಟ್ ಅಡಾಪ್ಟರ್‌ನದ್ದಾದ್ದರಿಂದ ಅದನ್ನೂ ಸಣ್ಣ ಟಿವಿಯನ್ನೂ ಬ್ಯಾಟರಿಗೆ ಕೊಟ್ಟಿದ್ದೇನೆ.

ಕಣದಲ್ಲಿ ಸೊಂಟದೆತ್ತರಕ್ಕೆ ಡಿಶ್ ಇಟ್ಟದ್ದು ರೈಟರ್ ಮಾವನಿಗೆ ಇನ್ನೂ ಸರಿ ಕಂಡಿಲ್ಲ. ‘ಇಷ್ಟು ತಗ್ಗಿನಲ್ಲಿ ಹೇಗೆ ಬರ್ತದೆ ಮಾರಾಯ’ ಎಂದು ಬಂದಾಗಲೆಲ್ಲ ಕೇಳುತ್ತಾರೆ. ಹೋದ ಮಾರ್ಚ್‌ನಲ್ಲಿ 11 ಗಂಟೆ ದಾಟಿ ಟಿವಿ ಹೋದಾಗ ಅವರು ಇಲ್ಲೇ ಇದ್ದರು. ‘ನೋಡು, ನಾನು ಹೇಳಿರಲಿಲ್ವಾ’ ಎಂದರು. ಅಪ್ಪ ಗಡಿಯಾರ ನೋಡಿದರು. ‘ಐದು ನಿಮಿಷ ತಡೀರಿ, ಸೂರ್ಯ ದಾಟಲಿ’ ಎಂದು ಹೇಳಿ ಕಾಫಿ ತರಲು ಒಳಗೆ ಹೋದರು.