ಸ್ಕೋಪ್ ಹಿಡಿದವರೇ ಮತ್ತಿನ ಇಂಜೆಕ್ಷನ್ ಕೊಡಬೇಕಾ?

ಆವತ್ತು 70 ದಾಟಿದ ಅಜ್ಜಿಯೊಬ್ಬರಿಗೆ ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಇರುವ ನಳಿಕೆ, ಅಂದರೆ ಸ್ಕೋಪ್, ಇಳಿಸಿ ಜಠರ ನೋಡುವ ಪರೀಕ್ಷೆ) ಮಾಡುತ್ತಿದ್ದೆ. ಮತ್ತು ಬರಿಸುವ ಇಂಜೆಕ್ಷನ್ ಮಿಡಜೋಲಾಮ್ 1 ಮಿ.ಗ್ರಾಂ ಕೊಟ್ಟರೂ ಕೈ ಆಡಿಸುತ್ತಿದ್ದರು ಅಂತ ಒಂದು ನಿಮಿಷವೂ ಕಾಯದೆ ಇನ್ನೊಂದು 1 ಮಿ.ಗ್ರಾಂ ಕೊಡಿಸಿದೆ. ಜಠರದಲ್ಲಿ ಹುಣ್ಣು ಕಾಣಿಸಿತು. ನನ್ನ ಕಣ್ಣು ಪರದೆ ಮೇಲೆ, ಬಯಾಪ್ಸಿಗೆ (ಪರೀಕ್ಷೆಗೆ ಚೂರು ತೆಗೆಯೋಕೆ) ಫೋರ್ಸೆಪ್ಸ್, ಅಂದರೆ ಚಿಮುಟ, ಕೊಡುತ್ತಿದ್ದ ಸಿಸ್ಟರ್ ಕಣ್ಣೂ ಅಲ್ಲೇ. ಪಲ್ಸ್ ಆಕ್ಸಿಮೀಟರ್ ಬೀಪ್ ದನಿ ತಗ್ಗುತ್ತಾ ಬಂದಿದ್ದು ಇಬ್ಬರಿಗೂ ತಡವಾಗಿ ಕೇಳಿಸಿತು. ನೋಡಿದರೆ ಆಕ್ಸಿಜನ್ ಮಟ್ಟ 78! ಸ್ಕೋಪ್ ಎಳೆದು, ಗದ್ದ ಎತ್ತಿ ಹಿಡಿದು, ಉಸಿರು ತುಂಬುವ ಆಂಬು ಬ್ಯಾಗ್ ಒತ್ತಿ, ಮಿಡಜೋಲಾಮ್ ಪರಿಣಾಮ ಇಳಿಸುವ ಫ್ಲುಮಜೆನಿಲ್ ಕೊಟ್ಟೆವು. ಅಜ್ಜಿ ಕಣ್ಣು ಬಿಟ್ಟರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಪ್ಪು ಔಷಧದ್ದಲ್ಲ. ಅವರ ಉಸಿರು ನೋಡೋಕೆ ಅಂತಲೇ ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಈಗ ಗಂಟಲಿಗೆ ಸ್ಪ್ರೇ ಹೊಡೆದರೆ ಸಾಕಾಗುವ ಕೇಸ್‌ಗಳಿಗೆ ಮತ್ತಿನ ಔಷಧವೇ ಬೇಡ ಅನ್ನುತ್ತೇನೆ, ತುಂಬಾ ಜನ ಆರಾಮಾಗಿ ತಡೆದುಕೊಳ್ಳುತ್ತಾರೆ. ಮಿಡಜೋಲಾಮ್ ನಾನೇ ಹೇಳಿ ಕೊಡಿಸುತ್ತೇನೆ, ಆದರೆ ಎರಡನೇ ಡೋಸ್‌ಗೆ ಮೊದಲು ಗಡಿಯಾರ ನೋಡಿ ಎರಡು-ಮೂರು ನಿಮಿಷ ಕಾಯುತ್ತೇನೆ. ರೋಗಿಯ ತಲೆ ಹತ್ತಿರ ಒಬ್ಬ ಸಿಸ್ಟರ್ ನಿಂತಿರುತ್ತಾರೆ, ಅವರಿಗೆ ಬೇರೆ ಯಾವ ಕೆಲಸವೂ ಇಲ್ಲ, ಫೋರ್ಸೆಪ್ಸ್ ಕೊಡೋದೂ ಇಲ್ಲ. ಫ್ಲುಮಜೆನಿಲ್ ಪರಿಣಾಮ ಮಿಡಜೋಲಾಮ್‌ಗಿಂತ ಬೇಗ ಮುಗಿಯುತ್ತದೆ, ಎಚ್ಚರವಾದವರು ಮತ್ತೆ ಮಂಪರಿಗೆ ಜಾರಬಹುದು, ಹಾಗಾಗಿ ಅದು ಕೊಟ್ಟವರನ್ನು ಬೇಗ ಮನೆಗೆ ಕಳಿಸುವುದಿಲ್ಲ.

ಪ್ರೊಪೊಫಾಲ್ ಅನ್ನುವ ಇನ್ನೊಂದು ಮತ್ತಿನ ಔಷಧ ಮಾತ್ರ ನಾನು ಮುಟ್ಟುವುದಿಲ್ಲ. ಅರ್ಧ ನಿಮಿಷದಲ್ಲಿ ಮತ್ತು ಬರುತ್ತದೆ, ಸ್ವಲ್ಪ ಜಾಸ್ತಿಯಾದರೆ ಉಸಿರೇ ನಿಲ್ಲುತ್ತದೆ, ಅದರ ಪರಿಣಾಮ ಇಳಿಸೋಕೆ ಬೇರೆ ಔಷಧ ಇಲ್ಲ. ಜರ್ಮನಿಯಲ್ಲಿ ವಿಶೇಷ ತರಬೇತಿ ಪಡೆದ ನರ್ಸ್‌ಗಳೂ ಕಡಿಮೆ ಅಪಾಯದ ರೋಗಿಗಳಿಗೆ ಕೊಡುತ್ತಾರೆ, ನಿಜ. ಆ ತರಬೇತಿ ನಮ್ಮ ಸಿಸ್ಟರ್‌ಗಳಿಗೆ ಕೊಡದೆ ಸುಮ್ನೆ ಸಿರಿಂಜ್ ಕೈಗಿಡುವುದು ಅವರಿಗೂ ಅನ್ಯಾಯ. ಇಆರ್‌ಸಿಪಿ (ಸ್ಕೋಪ್ ಇಳಿಸಿ ಪಿತ್ತನಾಳ, ಮೇದೋಜೀರಕ ನಾಳಕ್ಕೆ ಮಾಡುವ ಚಿಕಿತ್ಸೆ) ಇರಲಿ, ದಪ್ಪಗಿದ್ದು ಜೋರಾಗಿ ಗೊರಕೆ ಹೊಡೆಯುವವರಿರಲಿ, ಹೃದಯದ ತೊಂದರೆ ಇರುವವರಿರಲಿ, ಅರಿವಳಿಕೆ ಡಾಕ್ಟರ್ ಬರುವವರೆಗೆ ಶುರು ಮಾಡುವುದಿಲ್ಲ. ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಫಿ ಕೂಡ ಹಾಕಿಸುತ್ತೇನೆ. ಯಾಕಂದರೆ ಮೂಗಿಗೆ ಆಕ್ಸಿಜನ್ ಕೊಟ್ಟಿದ್ದಾಗ ಉಸಿರು ನಿಂತರೂ ಆಕ್ಸಿಮೀಟರ್ ಸ್ವಲ್ಪ ಹೊತ್ತು 99 ಅಂತಲೇ ತೋರಿಸುತ್ತಿರುತ್ತದೆ.

"ಐದು ನಿಮಿಷದ ಟೆಸ್ಟ್ ಅಲ್ವಾ ಸರ್, ಇನ್ನೊಬ್ಬ ಡಾಕ್ಟರ್ ಫೀಸ್ ಯಾಕೆ?" ಅಂತ ಮನೆಯವರು ಕೇಳುತ್ತಾರೆ. ದುಡ್ಡಿನ ಕಷ್ಟ ನನಗೆ ಅರ್ಥವಾಗುತ್ತದೆ. ಅದಕ್ಕೇ ಎಲ್ಲರಿಗೂ ಅರಿವಳಿಕೆ ಡಾಕ್ಟರನ್ನು ಕರೆಸುವುದಿಲ್ಲ, ಬೇಕಾದ ಕಡೆ ಬಿಡುವುದೂ ಇಲ್ಲ.

ಇನ್ನೊಂದು ಮಾತು ನಮ್ಮ ಕೋಣೆಯಲ್ಲಿ ಗಟ್ಟಿಯಾಗಿದೆ. ತಲೆ ಹತ್ತಿರ ನಿಂತ ಸಿಸ್ಟರ್ "ನಿಲ್ಲಿಸಿ ಸರ್" ಅಂದರೆ ನಾನು ಯಾಕೆ ಅಂತ ಕೇಳುವುದಿಲ್ಲ. ಮೊದಲು ಸ್ಕೋಪ್ ಹೊರಗೆ.